ಗ್ಯಾಸ್ ಹೋಗುತ್ತಿದ್ದದ್ದು ಬೇಸಿಗೆಯಲ್ಲಿ ಅಲ್ಲ

ಈ ಎಸಿ ಮಷೀನು ಎಸೆದುಬಿಡಿ ಅಂತ ನಾಲ್ಕು ಜನ ಹೇಳಿದ್ದರು. ನಾಲ್ವರೂ ಎಸಿ ರಿಪೇರಿ ಮಾಡುವ ನಮ್ಮ ಕಸುಬಿನವರೇ. ಅದರಲ್ಲಿ ಒಬ್ಬರು ನನಗೆ ಬ್ರೇಜಿಂಗ್, ಅಂದರೆ ತಾಮ್ರದ ಪೈಪು ಬೆಸೆಯುವುದು, ಕಲಿಸಿದವರು. ಆ ಮಷೀನು ಇವತ್ತಿಗೂ ಓಡುತ್ತಿದೆ. ರಿಪೇರಿ ಆದ ಮೇಲೆ ಇದು ಮೂರನೇ ಚಳಿಗಾಲ. ಗ್ಯಾಸ್ ಕಮ್ಮಿ ಆಗಿಲ್ಲ ಅಂತ ತೂಕ ಹಾಕಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದೂವರೆ ಟನ್ನಿನ ಸ್ಪ್ಲಿಟ್ ಅದು: ಮನೆಯೊಳಗೆ ಒಂದು ಪೆಟ್ಟಿಗೆ (ಇಂಡೋರ್), ಹೊರಗೊಂದು (ಔಟ್‌ಡೋರ್), ನಡುವೆ ಒಂದು ದಪ್ಪ, ಒಂದು ಸಣ್ಣ ತಾಮ್ರದ ಪೈಪು. ಬಿಸಿ, ತಂಪು ಎರಡೂ ಕೊಡುತ್ತದೆ. ಆರ್-410ಎ ಗ್ಯಾಸು, ಪ್ಲೇಟಿನ ಮೇಲೆ ಬರೆದಿದ್ದ ತೂಕ 1,350 ಗ್ರಾಂ. ಪ್ರತಿ ಬೇಸಿಗೆ ಶುರುವಾದಾಗ ಒಂದೇ ದೂರು: ತಂಪಾಗುತ್ತಿಲ್ಲ, ಇಂಡೋರ್ ಕಾಯಿಲ್ (ಗಾಳಿ ತಂಪಾಗಿಸುವ ಪೈಪಿನ ಸುರುಳಿ) ಮೇಲೆ ಮಂಜು ಕಟ್ಟುತ್ತಿದೆ. ಹೋಗಿ ನೋಡಿದರೆ ಮುನ್ನೂರು, ಮುನ್ನೂರೈವತ್ತು ಗ್ರಾಂ ಕಮ್ಮಿ. ನನಗಿಂತ ಮುಂಚೆ ಬಂದವರು ಎರಡು ಸಲ ಗ್ಯಾಸ್ ತುಂಬಿಸಿ ಹೋಗಿದ್ದರು. ಮೂರನೇ ಸಲ ತುಂಬಿಸಿದವನು ನಾನು. ಲೀಕ್ ಹುಡುಕದೆ ಗ್ಯಾಸ್ ಹಾಕಿದ್ದು ತಪ್ಪು, ಅದು ನನಗೆ ಆವಾಗಲೂ ಗೊತ್ತಿತ್ತು. ಬೇಸಿಗೆಯ ಓಡಾಟದಲ್ಲಿ ಸುಮ್ನೆ ಹಾಕಿ ಬಂದೆ.

ಮುಂದಿನ ವರ್ಷ ಮತ್ತೆ ಅದೇ ಕರೆ. ಈ ಸಲ ಗ್ಯಾಸ್ ಸೋರಿದ ಕಡೆ ಕೂಗುವ ಡಿಟೆಕ್ಟರ್ ಹಿಡಿದು ಅರ್ಧ ದಿನ ಕೂತೆ. ಕೂಲಿಂಗ್ ಓಡಿಸಿಕೊಂಡು ಎಲ್ಲ ಜಾಯಿಂಟು, ಗ್ಯಾಸ್ ತುಂಬುವ ಪಿನ್ ವಾಲ್ವು, ಕಾಯಿಲಿನ ಬೆಂಡುಗಳು, ಎಲ್ಲಾ ಕಡೆ ಮೂಗು ತೂರಿಸಿದ್ದಾಯಿತು. ಎಲ್ಲೂ ಕೂಗಲಿಲ್ಲ. ಕಾಯಿಲ್ ಹತ್ತಿರ ಒಂದು ಸಲ ಪೀಂ ಅಂದಿತು, ಅಷ್ಟೆ. ಅದನ್ನೇ ಹಿಡಿದುಕೊಂಡೆ. ಇರುವೆ ಗೂಡಿನ ಹಾಗೆ ತಾಮ್ರವನ್ನು ಒಳಗೊಳಗೇ ಕೊರೆಯುವ ಸವೆತ ನಿಮಗೂ ಗೊತ್ತಲ್ವಾ, ಅದೇ ಇರಬೇಕು ಅಂತ ತೀರ್ಮಾನ ಮಾಡಿ ಇಂಡೋರ್ ಕಾಯಿಲ್ ಬದಲಿಸಿದೆ. ಹೊಸ ಮಷೀನಿನ ಬೆಲೆಯ ಮೂರರಲ್ಲಿ ಒಂದು ಪಾಲಿನಷ್ಟು ಖರ್ಚು ಬಿತ್ತು. ಒಂದು ವರ್ಷದ ನಂತರ ಮತ್ತೆ 300 ಗ್ರಾಂ ಮಾಯ. ಕಾಯಿಲಿನ ಅರ್ಧ ದುಡ್ಡು ನಾನೇ ವಾಪಸ್ ಕೊಟ್ಟೆ. ಆ ತಿಂಗಳು ನನಗೆ ಬಹಳ ಕಷ್ಟವಾಯಿತು.

ಅಷ್ಟರಲ್ಲಿ ಮನೆಯವರು ಗ್ಯಾಸು, ಕಾಯಿಲು ಎಲ್ಲಾ ಸೇರಿ ಹೊಸ ಮಷೀನಿನ ಅರ್ಧ ಬೆಲೆ ಖರ್ಚು ಮಾಡಿದ್ದರು. ಇನ್ನು ಸಾಕು, ಬದಲಿಸಿ ಅಂತ ಎಲ್ಲರ ಮಾತು. ನನಗೆ ಮನಸ್ಸಾಗಲಿಲ್ಲ. ಕಂಪ್ರೆಸರ್ ಗಟ್ಟಿಯಾಗಿತ್ತು, ಆಂಪಿಯರ್ ಸರಿಯಾಗಿತ್ತು, ಬೋರ್ಡು ಚೆನ್ನಾಗಿತ್ತು. ಲೀಕ್ ಎಲ್ಲಿ ಅಂತ ತಿಳಿಯದೆ ಹೊಸದು ಹಾಕಿದರೆ, ಅದೇ ಪೈಪಿಗೆ ತಾನೇ ಕಟ್ಟುವುದು? ಈಗ ಹೊಸ ಮಷೀನುಗಳಲ್ಲಿ ಬರುವ ಆರ್-32 ಗ್ಯಾಸಿನ ಒತ್ತಡವೂ ಹೆಚ್ಚುಕಮ್ಮಿ ಇಷ್ಟೇ.

ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಲೀಕ್ ಇದ್ದರೆ ಒತ್ತಡ ಇಳಿಯುತ್ತದೆ ಅಂತ ನೈಟ್ರೋಜನ್ ಹಾಕಿದೆ. ಒತ್ತಡ ರಾತ್ರಿ 350 ಪಿಎಸ್‌ಐ, ಬೆಳಿಗ್ಗೆ 344 ಇದ್ದ ನೆನಪು. ನನ್ನ ಜೊತೆ ಬಂದಿದ್ದ ಹುಡುಗ ಲೀಕ್ ಸಿಕ್ಕಿತು ಅಂತ ಕುಣಿದ. ಆದರೆ ರಾತ್ರಿ ನಾಲ್ಕೈದು ಡಿಗ್ರಿ ತಂಪಾಗಿತ್ತು. ಆ ಒತ್ತಡದಲ್ಲಿ ಒಂದು ಡಿಗ್ರಿ ಇಳಿದರೆ 1.2 ಪಿಎಸ್‌ಐ ಹತ್ತಿರ ಇಳಿಯುತ್ತದೆ. ಲೆಕ್ಕ ಸರಿಹೋಯಿತು. ಅಂದರೆ ಲೀಕೇ ಇಲ್ಲ! ಆದರೂ ಗ್ಯಾಸ್ ಹೋಗುತ್ತಿದೆ. ಎರಡು ದಿನ ತಲೆ ಕೆಟ್ಟುಹೋಯಿತು.

ದಾರಿ ತೋರಿಸಿದ್ದು ಮನೆಯಾಕೆಯ ಒಂದು ಮಾತು. "ಚಳಿ ಮುಗಿಯೋ ಹೊತ್ತಿಗೆ ಬಿಸಿ ಗಾಳಿನೂ ಸ್ವಲ್ಪ ಕಮ್ಮಿ ಆಗಿರುತ್ತೆ. ಆಮೇಲೆ ಹೇಗಿದ್ರೂ ಬೇಕಾಗಲ್ಲ ಅಂತ ನಾವೇನೂ ಹೇಳಲಿಲ್ಲ" ಅಂದರು.

ಆಗ ಹೊಳೆಯಿತು. ನಾವೆಲ್ಲ ಪರೀಕ್ಷೆ ಮಾಡಿದ್ದು ಕೂಲಿಂಗಿನಲ್ಲಿ. ಆಗ ದಪ್ಪ ಪೈಪಿನಲ್ಲಿ ಇರುವುದು 120 ಪಿಎಸ್‌ಐ, ಅದೂ ತಣ್ಣಗೆ. ಹೀಟಿಂಗ್‌ನಲ್ಲಿ ಅದೇ ದಪ್ಪ ಪೈಪು ಡಿಸ್ಚಾರ್ಜ್ ಲೈನ್, ಅಂದರೆ ಕಂಪ್ರೆಸರಿನ ಬಿಸಿ ಗ್ಯಾಸ್ ಸಾಗುವ ದಾರಿ ಆಗುತ್ತದೆ. ಒತ್ತಡ 380ರ ಹತ್ತಿರ, ಪೈಪು ಕೈ ಇಡಲಾಗದಷ್ಟು ಬಿಸಿ. ಗ್ಯಾಸ್ ಹೋಗುವುದು ಚಳಿಗಾಲದಲ್ಲಿ, ದೂರು ಬರುವುದು ಬೇಸಿಗೆಯಲ್ಲಿ! ನೈಟ್ರೋಜನ್ ಹಾಕಿದಾಗಲೂ ಜಾಯಿಂಟು ತಣ್ಣಗೇ ಇತ್ತು, ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಲೀಕ್ ಆದರೆ ಸಿಗುವುದು ಹೇಗೆ?

ಚಳಿ ಶುರುವಾಗುವ ತನಕ ಕಾದೆ. ಸುಮ್ನೆ ಸಮಯ ಹಾಳು ಅಂತ ಗೆಳೆಯನೊಬ್ಬ ಅಂದ. ಒಂದು ಬೆಳಿಗ್ಗೆ ಹೋಗಿ 30 ಡಿಗ್ರಿಗೆ ಇಟ್ಟು, ಫ್ಯಾನ್ ಕಮ್ಮಿ ಮಾಡಿ, ದಪ್ಪ ಪೈಪಿನ ಎರಡೂ ತುದಿಯ ಇನ್ಸುಲೇಶನ್ ಬಿಚ್ಚಿ ಕೂತೆ. ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಇಂಡೋರ್ ಕಡೆಯ ಫ್ಲೇರ್ (ಪೈಪಿನ ತುದಿಯ ಅಗಲಿಸಿದ ಬಾಯಿ) ಬಿಗಿಯುವ ನಟ್ ಹಿಂದೆ ಡಿಟೆಕ್ಟರ್ ಕೂಗಲು ಶುರುಮಾಡಿತು. ಬಿಸಿ ಪೈಪಿನ ಮೇಲೆ ಸೋಪು ನೀರು ಕ್ಷಣದಲ್ಲಿ ಒಣಗಿಹೋಗುತ್ತದೆ. ಒಣಗದೆ ನಿಲ್ಲುವ ಒಂದು ಮಿಶ್ರಣ ನಾನು ಮಾಡಿಕೊಂಡಿದ್ದೇನೆ. ಅದರ ಪಾಕ ಮಾತ್ರ ಇಲ್ಲಿ ಹೇಳುವುದಿಲ್ಲ, ವರ್ಷಗಟ್ಟಲೆ ಒದ್ದಾಡಿ ಸಿಕ್ಕಿದ್ದು. ನಟ್ಟಿನ ಹಿಂದೆ, ಪೈಪು ಹೊರಬರುವ ಸಂದಿಯಲ್ಲಿ, ಸಾಸಿವೆಗಿಂತ ಸಣ್ಣ ನೊರೆ ಎದ್ದಿತು.

ನಟ್ ಬಿಚ್ಚಿ ನೋಡಿದೆ. ಫ್ಲೇರ್ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿತ್ತು, ಅಲ್ಲೇ ಕೂದಲೆಳೆ ಬಿರುಕು. ಮೊದಲು ಕಟ್ಟಿದವರು ಜಾಸ್ತಿ ಬಿಗಿದಿದ್ದರು. ಕಾಯಿಲ್ ಬದಲಿಸಿದ ದಿನ ಪೈಪು ಗಿಡ್ಡ ಇದೆ ಅಂತ ನಾನು ಆ ಹಳೇ ಫ್ಲೇರನ್ನೇ ಹೊಸ ಕಾಯಿಲಿಗೆ ಕಟ್ಟಿದ್ದೆ. ಆ ದಿನ ಎರಡು ಇಂಚು ಕತ್ತರಿಸಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ.

ಈ ಸಲ ಯಾವುದನ್ನೂ ಬಿಡಲಿಲ್ಲ. ನೈಟ್ರೋಜನ್ ಹರಿಸುತ್ತಾ ಒಂದು ತುಂಡು ಪೈಪು ಬ್ರೇಜ್ ಮಾಡಿ ಉದ್ದ ಮಾಡಿಕೊಂಡೆ. ನಾಲ್ಕು ಫ್ಲೇರ್ ಮಾಡಿ ಮೂರನ್ನು ಕತ್ತರಿಸಿ ಎಸೆದೆ. ಅರ್ಧ ಇಂಚಿನ ಪೈಪಿನ ನಟ್ಟನ್ನು, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ 52 ನ್ಯೂಟನ್ ಮೀಟರಿಗೆ ಬಿಗಿದೆ. ಕೈ ಅಂದಾಜು ಸಾಕು ಅನ್ನುವವರು ಆ ತೆಳ್ಳಗಾದ ಫ್ಲೇರ್ ನೋಡಬೇಕಿತ್ತು, ನಾನದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆಮೇಲೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದೆ. ವ್ಯಾಕ್ಯೂಮ್ ಮೊದಲ ಸಲ 350 ಮೈಕ್ರಾನಿಗೆ (ಒಳಗೆ ಉಳಿದ ಒತ್ತಡದ ಅಳತೆ) ಇಳಿಯಿತು. ಪಂಪು ಮುಚ್ಚಿದ ಮೇಲೆ 1,500ಕ್ಕೆ ಏರಿ ನಿಂತುಬಿಟ್ಟಿತು. ನಿಂತಿತು ಅಂದರೆ ತೇವ, ಏರುತ್ತಲೇ ಇದ್ದರೆ ಲೀಕ್. ನೈಟ್ರೋಜನ್ ಹಾಕಿ, ಪಂಪಿನ ಎಣ್ಣೆ ಬದಲಿಸಿ, ಮತ್ತೆ ಎರಡು ಸಲ ಎಳೆದೆ. ಕೊನೆಗೆ 300, ಅರ್ಧ ಗಂಟೆ ಬಿಟ್ಟು ನೋಡಿದರೆ 420. ಆಮೇಲೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು 1,350 ಗ್ರಾಂ ಹೊಸ ಗ್ಯಾಸು. ಒಂದೂವರೆ ದಿನದ ಕೆಲಸ. ಸಾಮಾನು, ಗ್ಯಾಸು, ಕೂಲಿ ಎಲ್ಲಾ ಸೇರಿ ಹೊಸ ಮಷೀನಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಆ ಮಷೀನಿನ ಮೇಲೆ ಇನ್ನೆರಡು ಪ್ರಯೋಗ ಮಾಡಿದೆ. ದಪ್ಪ ಪೈಪಿನ ಹಳೇ ಫೋಮ್ ಸುಕ್ಕಾಗಿ ಸೀಳಿಹೋಗಿತ್ತು, 19 ಮಿಲಿಮೀಟರಿನದು ಹಾಕಿದೆ. ಬಿಸಿ ಗಾಳಿ ಎರಡು ಡಿಗ್ರಿಯಷ್ಟು ಜಾಸ್ತಿ ಬರತೊಡಗಿತು. ಮುಂದಿನ ಬೇಸಿಗೆಯಲ್ಲಿ ಔಟ್‌ಡೋರ್ ಮೇಲೆ ನೆರಳಿಗೆ ತಗಡು ಕಟ್ಟಿದೆ. ಆ ಪ್ರಯೋಗ ಕೈಕೊಟ್ಟಿತು. ಹೊರಗೆ ಹೋಗಬೇಕಾದ ಬಿಸಿ ಗಾಳಿ ತಗಡಿಗೆ ಬಡಿದು ವಾಪಸ್ ಕಾಯಿಲಿಗೇ ಬಂತು, ಆಂಪಿಯರ್ 6.1 ಇದ್ದದ್ದು 6.7 ಆಯಿತು. ಅವತ್ತೇ ಬಿಚ್ಚಿದೆ.

ಮೊನ್ನೆ ಆ ಗೋಡೆಗೆ ಬಣ್ಣ ಹೊಡೆಸಲು ಔಟ್‌ಡೋರ್ ಇಳಿಸಬೇಕಾಯಿತು. ಗ್ಯಾಸ್ ಪೂರ್ತಿ ಎಳೆದು ತೂಕ ಹಾಕಿದೆ: 1,320 ಗ್ರಾಂ. ಮೆದುಗೊಳವೆಯಲ್ಲಿ ಉಳಿದದ್ದು ಬಿಟ್ಟರೆ ಎಲ್ಲವೂ ಅಲ್ಲೇ ಇತ್ತು. ತಕ್ಕಡಿಯ ಫೋಟೋ ನನ್ನ ಗುರುಗಳಿಗೆ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು. ಅವರ ಬಳಿಯೂ ಇಂಥದ್ದೇ ಒಂದು ಮಷೀನು ಇದೆಯಂತೆ, ಬೇಸಿಗೆ ಬೇಸಿಗೆಗೂ ಗ್ಯಾಸ್ ತಿನ್ನುತ್ತದಂತೆ. ಈ ಚಳಿ ಮುಗಿಯುವುದರೊಳಗೆ ಇಬ್ಬರೂ ಸೇರಿ ಹೋಗೋಣ ಅಂತ ಮಾತಾಗಿದೆ.