ಕ್ಯಾಮೆರಾಗೆ ಬೆರಳಕ್ಷರ ಕಲಿಸುವ ಬಗೆ

ಬೆರಳಕ್ಷರವೆಂದರೆ ಕೈಬೆರಳ ಆಕಾರದಿಂದ ಒಂದೊಂದೇ ಅಕ್ಷರ ತೋರಿಸುವುದು. ಅದನ್ನು ಕಂಪ್ಯೂಟರಿಗೆ ಕಲಿಸಲು ಸಾವಿರಾರು ಫೋಟೊ ಕೂಡಿಹಾಕಿ ನೇರವಾಗಿ, ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮ್ ಆದ ನ್ಯೂರಲ್ ನೆಟ್‌ವರ್ಕ್‌ಗೆ ಸುರಿಯುವವರೇ ಹೆಚ್ಚು. ಆಗ ಮಾಡೆಲ್ ಕೈಯ ಜೊತೆಗೆ ಹಿಂದಿನ ಗೋಡೆ, ಅಂಗಿಯ ತೋಳನ್ನೂ ಕಲಿತುಬಿಡುತ್ತದೆ. ಕೋಣೆ ಬದಲಾದರೆ ಕೈಕೊಡುತ್ತದೆ. ಚಿತ್ರ ಬಿಡಿ, ಬೆರಳ ಗಂಟುಗಳು ಎಲ್ಲಿವೆ ಎಂಬುದನ್ನಷ್ಟೇ ಕಲಿಸಿ.

ವೆಬ್‌ಕ್ಯಾಮ್, ಪೈಥಾನ್ ಭಾಷೆ, ಕ್ಯಾಮೆರಾ ಚಿತ್ರ ಓದುವ ಓಪನ್‌ಸಿವಿ, ಕೈಯ ಗಂಟುಗಳನ್ನು ಗುರುತಿಸುವ ಮೀಡಿಯಾಪೈಪ್ ಇದ್ದರೆ ಸಾಕು. ಓಪನ್‌ಸಿವಿ ಫ್ರೇಮನ್ನು (ವಿಡಿಯೊದ ಒಂದು ಚಿತ್ರವನ್ನು) ಬಿಜಿಆರ್ (ನೀಲಿ, ಹಸಿರು, ಕೆಂಪು) ಕ್ರಮದಲ್ಲಿ ಕೊಡುತ್ತದೆ, ಮೀಡಿಯಾಪೈಪ್‌ಗೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬೇಕು. ಬದಲಿಸಲು ಮರೆತರೆ ಎರರ್ ಬರುವುದಿಲ್ಲ, ಕೈ ಗುರುತಿಸುವುದು ಮಾತ್ರ ಹದಗೆಡಬಹುದು.

ಒಂದು ಕೈಗೆ 21 ಬಿಂದು, ಎಕ್ಸ್, ವೈ, ಝಡ್ (ಅಡ್ಡ, ಉದ್ದ, ಆಳ) ಸೇರಿ 63 ಅಂಕಿ. ಇವನ್ನು ಹಾಗೇ ಬಳಸಬೇಡಿ. ಎಕ್ಸ್ ಚಿತ್ರದ ಅಗಲಕ್ಕೆ, ವೈ ಎತ್ತರಕ್ಕೆ ಭಾಗಿಸಿ ಬಂದಿರುತ್ತವೆ; 640×480 ಚಿತ್ರದಲ್ಲಿ ಕೈ ವಾಲಿದರೆ ಆಕಾರವೇ ಹಿಗ್ಗಿದಂತೆ ಕಾಣುತ್ತದೆ. ಮೊದಲು ಎಕ್ಸ್ ಮತ್ತು ಝಡ್ ಅನ್ನು ಅಗಲದಿಂದ, ವೈಯನ್ನು ಎತ್ತರದಿಂದ ಗುಣಿಸಿ. ಬಳಿಕ ಎಲ್ಲದರಿಂದ ಮಣಿಕಟ್ಟನ್ನು, ಅಂದರೆ 0ನೇ ಬಿಂದುವನ್ನು, ಕಳೆಯಿರಿ. 0ರಿಂದ 9ಕ್ಕಿರುವ, ಅಂದರೆ ನಡುಬೆರಳ ಬುಡಕ್ಕಿರುವ ದೂರದಿಂದ ಭಾಗಿಸಿ. ಎಡಗೈಯಾದರೆ ಎಕ್ಸ್‌ನ ಚಿಹ್ನೆ ತಿರುಗಿಸಿ.

ಅಕ್ಷರಕ್ಕೆ ಐದಾರು ಜನ, ತಲಾ 200 ಫ್ರೇಮ್, ಕೈಯನ್ನು ತುಸು ತಿರುಗಿಸುತ್ತ. ರ‍್ಯಾಂಡಮ್ ಫಾರೆಸ್ಟ್ ಎಂಬ, ಹಲವು ನಿರ್ಧಾರ ಮರಗಳ ಮತದಿಂದ ಗುರುತಿಸುವ ವಿಧಾನ ಸಾಕು, ಜಿಪಿಯು (ಗ್ರಾಫಿಕ್ಸ್ ಚಿಪ್) ಬೇಡ. ಪರೀಕ್ಷೆಗೆಂದೇ ಒಬ್ಬರನ್ನು ಕಲಿಕೆಯಿಂದ ಪೂರ್ತಿ ಹೊರಗಿಡಿ. ಒಂದೇ ವಿಡಿಯೊದ ಅಕ್ಕಪಕ್ಕದ ಫ್ರೇಮ್‌ಗಳು ಅವಳಿಜವಳಿ ಇದ್ದಂತೆ. ಅವನ್ನು ಕಲಸಿ ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಬರುವ ಅಂಕ ಬರೀ ಭ್ರಮೆ.

ಅಮೆರಿಕನ್ ಬೆರಳಕ್ಷರದಲ್ಲಿ ಗೋಳು ಎ, ಎಸ್, ಟಿ, ಎಂ, ಎನ್‌ಗಳದು. ಎಲ್ಲವೂ ಮುಷ್ಟಿಯೇ, ವ್ಯತ್ಯಾಸ ಹೆಬ್ಬೆರಳಿನದು. ಎಂನಲ್ಲಿ ಅದು ಮೂರು ಬೆರಳ ಕೆಳಗೆ, ಎನ್‌ನಲ್ಲಿ ಎರಡರ ಕೆಳಗೆ. ಮರೆಯಾದ ಹೆಬ್ಬೆರಳನ್ನು ಮೀಡಿಯಾಪೈಪ್ ಊಹಿಸಿ ಇಡುತ್ತದೆ. 4ನೇ ಬಿಂದುವಿನಿಂದ 6, 10, 14, 18ಕ್ಕಿರುವ ದೂರಗಳನ್ನೂ ಸೇರಿಸಿದರೆ ಗೊಂದಲ ತಗ್ಗಬಹುದು, ಪೂರ್ತಿ ಹೋಗದು. ಜೆ, ಝಡ್ ಚಲಿಸುವ ಅಕ್ಷರಗಳು. ಒಂದು ಫ್ರೇಮ್ ಸಾಲದು, 30 ಫ್ರೇಮ್‌ಗಳ ಸರಣಿಯನ್ನು, ಕ್ರಮವನ್ನೂ ಕಲಿಯುವ ನ್ಯೂರಲ್ ನೆಟ್‌ವರ್ಕ್ ಆದ ಎಲ್‌ಎಸ್‌ಟಿಎಂಗೆ ಕೊಡಿ. (ಇಷ್ಟಾದರೂ ಇದು ಸನ್ನೆ ಭಾಷೆಯಲ್ಲ, ಕಾಗುಣಿತ ಮಾತ್ರ. ಸನ್ನೆ ಭಾಷೆಯಲ್ಲಿ ಹುಬ್ಬೇರಿಸುವುದೂ ವ್ಯಾಕರಣ.)

ಬೆಳಕು ಕಡಿಮೆಯಾದರೆ ಕ್ಯಾಮೆರಾ ಎಕ್ಸ್‌ಪೋಶರ್ (ಬೆಳಕು ಹಿಡಿಯುವ ಸಮಯ) ಹಿಗ್ಗಿಸುತ್ತದೆ, ಚಲಿಸುವ ಬೆರಳು ಮಸುಕಾಗುತ್ತದೆ. ದೀಪ ಕೈಯ ಮುಂದಿರಲಿ, ಕಿಟಕಿ ಹಿಂದಿರಬಾರದು.

ಪರದೆಯಲ್ಲಿ ಅಕ್ಷರ ಮಿನುಗುತ್ತಿದ್ದರೆ, ಕೊನೆಯ 15 ಫ್ರೇಮ್‌ಗಳಲ್ಲಿ 10 ಒಪ್ಪಿದಾಗಷ್ಟೇ ಬರೆಯಿರಿ. ಬರೆದ ಅಕ್ಷರವನ್ನೇ ಮತ್ತೆ ಬರೆಯುವ ಮುನ್ನ ಕೈ ಸಡಿಲಾಗಲಿ ಅಥವಾ ಪಕ್ಕಕ್ಕೆ ಸರಿಯಲಿ ಎಂಬ ಷರತ್ತನ್ನೂ ಹಾಕಿ. ಇಲ್ಲದಿದ್ದರೆ ಒಂದು ಎಲ್ ಹಿಡಿದರೆ ಸಾಲುಸಾಲು ಎಲ್ ಬೀಳುತ್ತದೆ.