ಏಳು ಕೆ.ಜಿ.ಯಲ್ಲಿ ಮಾರ್ಕಾ ಕಣಿವೆ: ಹಗುರವಾಗಿ ಬ್ಯಾಗ್ ಕಟ್ಟುವುದು ಹೇಗೆ?

ಲಡಾಖ್‌ಗೆ ಚಾರಣ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಬ್ಯಾಗ್. ಅದೂ 60 ಲೀಟರಿನದು. ಆಮೇಲೆ ಜಾಗ ಇದೆಯಲ್ಲ ಅಂತ ಒಂದೊಂದಾಗಿ ತುಂಬುತ್ತಾ ಹೋಗುತ್ತಾರೆ. ಎತ್ತಿ ನೋಡುವ ಹೊತ್ತಿಗೆ ಭಾರ 15 ಕೆ.ಜಿ. ದಾಟಿರುತ್ತದೆ, "ಕುದುರೆ ಮಾಡೋಣ" ಎಂಬ ಮಾತು ಶುರುವಾಗುತ್ತದೆ. ಈ ಕ್ರಮವನ್ನು ತಿರುವು ಮುರುವು ಮಾಡಿ ನೋಡಿ. ಮೊದಲು ದಾರಿ, ಆಮೇಲೆ ಸಾಮಾನು, ಎಲ್ಲಕ್ಕೂ ಕೊನೆಗೆ ಬ್ಯಾಗ್.

ಉದಾಹರಣೆಗೆ ಮಾರ್ಕಾ ಕಣಿವೆಯನ್ನೇ ತೆಗೆದುಕೊಳ್ಳೋಣ. ಲೇಹ್‌ನಿಂದ ಚಿಲಿಂಗ್ ಕಡೆಗೆ ಗಾಡಿ. ಅಲ್ಲಿಂದ ಸ್ಕಿಯು, ಮಾರ್ಕಾ, ಹಂಕರ್, ನಿಮಾಲಿಂಗ್ ಹಾದು, ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ಎಂಬ ಘಟ್ಟ ದಾಟಿ ಶಾಂಗ್ ಸುಮ್ದೋ ಕಡೆಗೆ ಇಳಿಯುವ ದಾರಿ. ಎಲ್ಲಿ ಗಾಡಿ ಇಳಿಯುತ್ತೀರಿ, ಎಲ್ಲಿ ಮತ್ತೆ ಹತ್ತುತ್ತೀರಿ ಎಂಬುದರ ಮೇಲೆ 60–70 ಕಿ.ಮೀ. ನಡಿಗೆ, ಐದಾರು ದಿನ. ನಮ್ಮ ಮಲೆನಾಡಿನಲ್ಲಿ ಮಳೆ ಹೊಡೆಯುತ್ತಿರುವ ಜುಲೈ–ಆಗಸ್ಟ್‌ನಲ್ಲಿ ಅಲ್ಲಿ ಬೇಸಿಗೆ. ಹಗಲು ಸುಡು ಬಿಸಿಲು, ನಿಮಾಲಿಂಗ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಕೊಂಗ್ಮಾರು ಲಾದ ಮೇಲೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆನ್ನ ಮೇಲಿನ ಪ್ರತಿ ಕೆ.ಜಿ.ಯೂ ಅಲ್ಲಿ ಲೆಕ್ಕ ಕೇಳುತ್ತದೆ.

ಹೆಜ್ಜೆ 1: ಎಲ್ಲಿ ಮಲಗುತ್ತೀರಿ, ಏನು ತಿನ್ನುತ್ತೀರಿ?

ಅಂಗಡಿಗೆ ಹೋಗುವ ಮೊದಲೇ ತೀರ್ಮಾನ ಆಗಬೇಕಾದ ಪ್ರಶ್ನೆ ಇದು. ಮಾರ್ಕಾ ಕಣಿವೆಯ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ. ಹಾಸಿಗೆ, ಹೊದಿಕೆ, ರಾತ್ರಿ ಊಟ, ಬೆಳಗಿನ ತಿಂಡಿ, ಮಧ್ಯಾಹ್ನಕ್ಕೆ ಕಟ್ಟಿಕೊಡುವ ರೊಟ್ಟಿ, ಎಲ್ಲವೂ ಅಲ್ಲೇ ಸಿಗುತ್ತದೆ. ನಿಮಾಲಿಂಗ್‌ನಲ್ಲಿ ಊರಿಲ್ಲ, ಆದರೆ ಸೀಸನ್‌ನಲ್ಲಿ ಟೆಂಟ್ ಕ್ಯಾಂಪ್ ಇರುತ್ತದೆ. ದಾರಿ ನಡುವೆ ಅಲ್ಲಲ್ಲಿ ಚಹಾ, ಮ್ಯಾಗಿ ಮಾರುವ ಟೆಂಟುಗಳೂ ಉಂಟು.

ಇದನ್ನು ಬಿಟ್ಟು ಎಲ್ಲವನ್ನೂ ನೀವೇ ಹೊರುತ್ತೀರಿ ಅಂತಿಟ್ಟುಕೊಳ್ಳಿ. ಇಬ್ಬರಿಗೆ ಒಂದು ಟೆಂಟ್ ಅಂದರೂ ತಲೆಗೆ ಒಂದು ಕೆ.ಜಿ.ಗೂ ಮೇಲೆ. ಸ್ಲೀಪಿಂಗ್ ಬ್ಯಾಗ್ ಒಂದು ಕೆ.ಜಿ., ಮ್ಯಾಟ್ 400 ಗ್ರಾಂ. ಒಲೆ, ಪಾತ್ರೆ, ಗ್ಯಾಸ್ ಸೇರಿ 700–800 ಗ್ರಾಂ. ದಿನಕ್ಕೆ 600–700 ಗ್ರಾಂ ಒಣ ಆಹಾರ ಹಿಡಿದರೆ ಆರು ದಿನಕ್ಕೆ ನಾಲ್ಕು ಕೆ.ಜಿ. ಹತ್ತಿರ. ಒಟ್ಟು ಏಳು ಕೆ.ಜಿ. ಜಾಸ್ತಿ ಆಯಿತಲ್ಲ? ಎಷ್ಟೇ ದುಬಾರಿ ಸಾಮಾನು ಕೊಂಡರೂ ಇಷ್ಟು ತೂಕ ಇಳಿಸಲು ಆಗುವುದಿಲ್ಲ. ಮೊದಲ ಸಲ ಹೋಗುವವರು ಹೋಮ್‌ಸ್ಟೇ ಆರಿಸಿಕೊಳ್ಳುವುದೇ ಜಾಣತನ. ದುಡ್ಡೂ ಆ ಹಳ್ಳಿಯವರ ಕೈಗೇ ಹೋಗುತ್ತದೆ.

ಹೆಜ್ಜೆ 2: ತಕ್ಕಡಿ ತನ್ನಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಯ್ಯಬೇಕು ಅಂದುಕೊಂಡದ್ದನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ಒಂದೊಂದನ್ನೇ ತೂಗಿ ಬರೆದುಕೊಳ್ಳಿ. ನೀರು, ತಿಂಡಿ, ಗ್ಯಾಸ್ ದಿನೇ ದಿನೇ ಖರ್ಚಾಗುತ್ತವೆ, ಅವನ್ನು ಬೇರೆ ಬರೆಯಿರಿ. ಮೈಮೇಲಿನ ಬಟ್ಟೆ, ಕಾಲಿನ ಶೂ ಲೆಕ್ಕಕ್ಕಿಲ್ಲ. ಉಳಿದದ್ದು ಬೇಸ್ ವೇಟ್. ಇದು 9 ಕೆ.ಜಿ. ಒಳಗಿದ್ದರೆ ಹಗುರ, 4.5 ಕೆ.ಜಿ. ಒಳಗಿದ್ದರೆ ಅತಿ ಹಗುರ ಅಂತ ಚಾರಣಿಗರ ಲೆಕ್ಕ. ಹೋಮ್‌ಸ್ಟೇ ಚಾರಣಕ್ಕೆ ಐದು ಕೆ.ಜಿ. ಆಸುಪಾಸು ಹಿಡಿಯುವುದು ಕಷ್ಟವೇನಲ್ಲ. ನೀರು, ತಿಂಡಿ ಸೇರಿದರೆ ಬೆನ್ನ ಮೇಲೆ ಏಳು ಕೆ.ಜಿ.

ತೂಗುವಾಗ ಸಣ್ಣ ಚೀಲಗಳ ಮೇಲೆ ಕಣ್ಣಿಡಿ. ಸ್ನಾನದ ಚೀಲವನ್ನೇ ತೆಗೆದುಕೊಳ್ಳಿ. ದೊಡ್ಡ ಪೇಸ್ಟ್ ಟ್ಯೂಬ್, ಡಬ್ಬಿ ಸಮೇತ ಸೋಪು, ಶಾಂಪೂ ಬಾಟಲಿ, ಡಿಯೋಡ್ರೆಂಟ್ ಕ್ಯಾನ್, ದಪ್ಪ ಟವೆಲ್. ಸುಮ್ನೆ ಒಂದೂಕಾಲು ಕೆ.ಜಿ. ಆಗಿಬಿಡುತ್ತದೆ. ಸಣ್ಣ ಪೇಸ್ಟ್, ಕಾಲು ತುಂಡು ಸೋಪು, ತೆಳ್ಳನೆಯ ಟವೆಲ್ ಅಂತ ಮಾಡಿದರೆ 250 ಗ್ರಾಂಗೆ ಇಳಿಯುತ್ತದೆ. ಆ ಚಳಿಯಲ್ಲಿ ದಿನಾ ತಲೆಗೆ ನೀರು ಹಾಕಿಕೊಳ್ಳುವವರು ಯಾರೂ ಇಲ್ಲ ಬಿಡಿ. ಮಾತ್ರೆಗಳೂ ಹಾಗೇ. ರಟ್ಟಿನ ಪೆಟ್ಟಿಗೆ ಬಿಸಾಕಿ, ಆದರೆ ಹೆಸರು, ಎಕ್ಸ್‌ಪೈರಿ ಕಾಣುವ ಹಾಗೆ ಸ್ಟ್ರಿಪ್ ಇಟ್ಟುಕೊಳ್ಳಿ.

ಹೆಜ್ಜೆ 3: ಬಟ್ಟೆ

ಸೂತ್ರ ಸರಳ. ಮೈಮೇಲೆ ಒಂದು ಜೊತೆ, ಬ್ಯಾಗಿನಲ್ಲಿ ಇನ್ನೊಂದು ಜೊತೆ. ಒಳ ಉಡುಪು, ಸಾಕ್ಸ್ ಮಾತ್ರ ಒಂದೆರಡು ಹೆಚ್ಚು. ಲಡಾಖ್‌ನ ಒಣ ಗಾಳಿಗೆ ತೆಳು ಬಟ್ಟೆ ಒಗೆದು ಹಾಕಿದರೆ ಬೇಗ ಒಣಗುತ್ತದೆ.

ಜೀನ್ಸ್, ಹತ್ತಿಯ ಟೀಶರ್ಟ್ ಮನೆಯಲ್ಲೇ ಇರಲಿ. ಹತ್ತಿ ಬೆವರು ಹೀರಿಕೊಂಡು ಕೂರುತ್ತದೆ. ಏರು ಹತ್ತಿ ಮೇಲೆ ಗಾಳಿಗೆ ನಿಂತರೆ ಒದ್ದೆ ಬಟ್ಟೆ ಮೈ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯ ಉದ್ದ ತೋಳಿನ ಅಂಗಿ ಒಳ್ಳೆಯದು, ಬಿಸಿಲಿಗೂ ಆಗುತ್ತದೆ.

ಚಳಿಗೆ ಒಂದೇ ದಪ್ಪ ಕೋಟು ಬೇಡ, ಪದರ ಪದರ ಇರಲಿ. ಮೈಗಂಟುವ ಥರ್ಮಲ್, ಅದರ ಮೇಲೆ ಸ್ವೆಟರಿನಂಥ ತೆಳು ಫ್ಲೀಸ್, ಅದರ ಮೇಲೆ 300–400 ಗ್ರಾಂನ ಡೌನ್ ಜಾಕೆಟ್. ಬಾತುಕೋಳಿಯ ನುಣುಪು ಗರಿ ತುಂಬಿದ ಈ ಜಾಕೆಟ್ ಮುದುರಿದರೆ ಒಂದು ಲೀಟರ್ ಬಾಟಲಿಯಷ್ಟಾಗುತ್ತದೆ. ಆದರೆ ನೆನೆದರೆ ಗರಿ ಅಂಟಿಕೊಂಡು ಬೆಚ್ಚಗಿಡುವ ಗುಣ ಹೋಗುತ್ತದೆ. ಲಡಾಖ್ ಮಳೆನೆರಳಿನ ನಾಡು, ಹಾಗಾಗಿ ಅಲ್ಲಿಗೆ ಡೌನ್ ಸರಿ. ಅದೇ ಜಾಕೆಟನ್ನು ಜುಲೈನಲ್ಲಿ ಕುಮಾರಪರ್ವತಕ್ಕೆ ಒಯ್ದರೆ ಉಪಯೋಗವಿಲ್ಲ.

ಮಳೆನೆರಳು ಅಂದಮಾತ್ರಕ್ಕೆ ಮಳೆಯೇ ಬರುವುದಿಲ್ಲ ಅಂದುಕೊಳ್ಳಬೇಡಿ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೇಘಸ್ಫೋಟವಾಗಿ ನೂರಾರು ಜನ ಸತ್ತರು. ಮಳೆಗೆ ಪೊಂಚೊ (ತಲೆಯ ಮೇಲಿಂದ ಇಳಿಬಿಡುವ ಮಳೆಹೊದಿಕೆ) ಅಗ್ಗ, ಹಗುರ, ಬ್ಯಾಗನ್ನೂ ಮುಚ್ಚುತ್ತದೆ. ಆದರೂ ನನ್ನ ಆಯ್ಕೆ ಟೋಪಿ ಇರುವ 300 ಗ್ರಾಂನ ರೇನ್ ಜಾಕೆಟ್. ಆ ಕಣಿವೆಯಲ್ಲಿ ಮಳೆಗಿಂತ ಗಾಳಿಯ ಕಾಟ ಜಾಸ್ತಿ. ಪೊಂಚೊ ಪಟಪಟ ಹಾರುತ್ತದೆ, ಜಾಕೆಟ್ ಗಾಳಿಯನ್ನೂ ತಡೆಯುತ್ತದೆ. ಇನ್ನು ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಕಸದ ಚೀಲ ಹಾಕಿ ಅದರೊಳಗೆ ಸಾಮಾನಿಡಿ. ಬ್ಯಾಗ್ ಹೊಳೆಗೆ ಬಿದ್ದರೂ ಒಳಗಿನದ್ದು ಒಣಗಿರುತ್ತದೆ. ರೇನ್‌ಕವರ್‌ನಿಂದ ಈ ಕೆಲಸ ಆಗುವುದಿಲ್ಲ.

ಹೆಜ್ಜೆ 4: ಕಾಲಿಗೆ

ಕಾಲಿನ ಮೇಲಿನ ಒಂದು ಕೆ.ಜಿ. ಬೆನ್ನಿನ ಮೇಲಿನ ನಾಲ್ಕೈದು ಕೆ.ಜಿ.ಗೆ ಸಮ ಅಂತ ಚಾರಣಿಗರಲ್ಲಿ ಹಳೆಯ ಲೆಕ್ಕವೊಂದಿದೆ. ಪ್ರತಿ ಹೆಜ್ಜೆಗೂ ಶೂ ಎತ್ತಿ ಮುಂದೆ ಇಡಬೇಕಲ್ಲ, ಅದಕ್ಕೆ. ಏಳು ಕೆ.ಜಿ. ಬ್ಯಾಗ್ ಹೊತ್ತವರಿಗೆ ಚರ್ಮದ ಎತ್ತರದ ಬೂಟು ಬೇಕಿಲ್ಲ. ಒಳ್ಳೆಯ ಹಿಡಿತವಿರುವ, ಎರಡೂ ಸೇರಿ 700–800 ಗ್ರಾಂ ತೂಗುವ ಶೂ ಸಾಕು. ಬೆರಳ ಮುಂದೆ ಅರ್ಧ ಅಂಗುಲ ಜಾಗ ಇರಬೇಕು, ಇಲ್ಲದಿದ್ದರೆ ಕೊಂಗ್ಮಾರು ಲಾದ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಕಣಕಾಲು ದುರ್ಬಲ ಇರುವವರು, ಹಿಂದೆ ಉಳುಕಿಸಿಕೊಂಡವರು ಮಾತ್ರ ಎತ್ತರದ ಶೂ ನೋಡಿ.

ಹಿಂಬದಿ ಪಟ್ಟಿ ಇರುವ ಹಗುರ ಸ್ಯಾಂಡಲ್ ಒಂದು ಜೊತೆ ಬೇಕೇ ಬೇಕು. ಮಾರ್ಕಾ ಹೊಳೆಯನ್ನು ಕೆಲವು ಕಡೆ ನೀರಿಗಿಳಿದೇ ದಾಟಬೇಕಾಗಬಹುದು. ಹವಾಯಿ ಚಪ್ಪಲಿ ಕೊಚ್ಚಿಹೋಗುತ್ತದೆ, ಬರಿಗಾಲಿಗೆ ಕಲ್ಲು ಚುಚ್ಚುತ್ತದೆ. ಬೆಳಿಗ್ಗೆಯೇ ದಾಟಿಬಿಡಿ. ಬಿಸಿಲೇರಿದ ಮೇಲೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ.

ಹೆಜ್ಜೆ 5: ನಿದ್ದೆ

ಹೋಮ್‌ಸ್ಟೇಗೆ 150 ಗ್ರಾಂನ ಸ್ಲೀಪಿಂಗ್ ಬ್ಯಾಗ್ ಲೈನರ್, ಅಂದರೆ ಒಳಗೆ ನುಸುಳಿ ಮಲಗುವ ತೆಳು ಬಟ್ಟೆಯ ಚೀಲ ಒಯ್ದರೆ ಸಾಕು. ರೇಷ್ಮೆಯದಾದರೆ ಇನ್ನೂ ಒಳ್ಳೆಯದು. ಹಳೆಯ ರೇಷ್ಮೆ ಸೀರೆಯನ್ನು ಮಡಿಸಿ ಎರಡು ಕಡೆ ಹೊಲಿಸಿದರೂ ನಡೆಯುತ್ತದೆ, ಜರಿ ಸೆರಗು ಕತ್ತರಿಸಿ ತೆಗೆದ ಮೇಲೆ.

ಸ್ಲೀಪಿಂಗ್ ಬ್ಯಾಗೇ ಕೊಳ್ಳುತ್ತೀರಿ ಅಂದರೆ ಚೀಟಿಯನ್ನು ಸರಿಯಾಗಿ ಓದಿ. ಒಳ್ಳೆಯ ಕಂಪನಿಯವರು ಮೂರು ಅಂಕಿ ಕೊಟ್ಟಿರುತ್ತಾರೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ನೀವು ನೋಡಬೇಕಾದ್ದು ಕಂಫರ್ಟ್ ಅಂಕಿ ಒಂದನ್ನೇ. ಎಕ್ಸ್‌ಟ್ರೀಮ್ ಅಂದರೆ ಜೀವ ಹೇಗೋ ಉಳಿಯಬಹುದಾದ ಮಟ್ಟ, ನಿದ್ದೆ ಮಾಡುವ ಮಟ್ಟವಲ್ಲ. ಅಂಗಡಿಯವರು "ಮೈನಸ್ ಹತ್ತು ಸಾರ್" ಅಂದಾಗ ಯಾವ ಮೈನಸ್ ಹತ್ತು ಅಂತ ಕೇಳಿ. ಮ್ಯಾಟ್ ಬಿಟ್ಟು ತೂಕ ಉಳಿಸಲು ಹೋಗಬೇಡಿ. ಮೈಕೆಳಗೆ ಅಪ್ಪಚ್ಚಿಯಾದ ಗರಿ ಬೆಚ್ಚಗಿಡುವುದಿಲ್ಲ, ನೆಲದ ಚಳಿ ತಡೆಯುವುದು ಮ್ಯಾಟ್ ಮಾತ್ರ.

ಹೆಜ್ಜೆ 6: ನೀರು, ತಿಂಡಿ

ಒಂದು ಲೀಟರ್ ನೀರು ಒಂದು ಕೆ.ಜಿ. ಇದರಲ್ಲಿ ರಿಯಾಯಿತಿ ಇಲ್ಲ. ಎತ್ತರದಲ್ಲಿ ನೀರು ಕುಡಿಯಲೇಬೇಕು, ಹಾಗಾಗಿ ಬಾಟಲಿಯಲ್ಲಿ ತೂಕ ಉಳಿಸಿ. ಸ್ಟೀಲ್ ಬಾಟಲಿ 300 ಗ್ರಾಂ ದಾಟಿದರೆ ಅಂಗಡಿಯ ಖಾಲಿ ನೀರಿನ ಬಾಟಲಿ 30 ಗ್ರಾಂ. ಮನೆಯಲ್ಲಿರುವ ಹಳೆಯದನ್ನೇ ಎರಡು ಒಯ್ದು ವಾಪಸ್ ತನ್ನಿ. ಹೋಮ್‌ಸ್ಟೇಗಳಲ್ಲಿ ಕುದಿಸಿದ ನೀರು ತುಂಬಿಸಿಕೊಡುತ್ತಾರೆ. ದಾರಿಯಲ್ಲಿ ತುಂಬಿಸಬೇಕಾಗಿ ಬಂದರೆ ಕ್ಲೋರಿನ್ ಮಾತ್ರೆ ಹಾಕಿ, ಪಟ್ಟಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಅಲ್ಲಿಯ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಇನ್ನೂ ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು.

ಸ್ವಂತ ಅಡುಗೆ ಮಾಡುವವರಿಗೆ ಒಂದು ಮಾತು. ಸುಮಾರು 4,800 ಮೀಟರ್ ಎತ್ತರದ ನಿಮಾಲಿಂಗ್‌ನಲ್ಲಿ ನೀರು 84 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಕೂತರೆ ಗ್ಯಾಸ್ ಮುಗಿದೀತು, ಬೇಳೆ ಬೆಂದಿರುವುದಿಲ್ಲ. ಬೇಯಿಸುವ ಗೋಜೇ ಇಲ್ಲದ್ದನ್ನು ಆರಿಸಿಕೊಳ್ಳಿ. ತೆಳು ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಬಿಸಿನೀರಿಗೆ ಹುರಿಹಿಟ್ಟು, ಬೆಲ್ಲದ ಪುಡಿ ಹಾಕಿ ಚಮಚದಲ್ಲಿ ತಿರುವಿದರೆ ಊಟ ಮುಗಿಯಿತು. ಲಡಾಖಿಗಳು ಬಾರ್ಲಿ ಹುರಿದು ಬೀಸಿದ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುವುದೂ ಇದೇ ಕಾರಣಕ್ಕೆ. ಹೋಮ್‌ಸ್ಟೇಯಲ್ಲಿ ಉಳಿಯುವವರೂ ಚಟ್ನಿಪುಡಿಯ ಪೊಟ್ಟಣ ಮರೆಯಬೇಡಿ. ಕಟ್ಟಿಕೊಟ್ಟ ಒಣ ರೊಟ್ಟಿಗೆ 100 ಗ್ರಾಂನಲ್ಲಿ ಸಿಗುವ ಇಷ್ಟು ರುಚಿ ಬೇರೆ ಯಾವುದರಲ್ಲೂ ಇಲ್ಲ.

ಹೆಜ್ಜೆ 7: ಯಾವುದರಲ್ಲಿ ಕಂಜೂಸಿ ಬೇಡ

ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ಅಗಲ ಅಂಚಿನ ಟೋಪಿ. ಹೆಡ್‌ಟಾರ್ಚ್. ಕೈಗವಸು, ಕಿವಿ ಮುಚ್ಚುವ ಟೋಪಿ. ಬ್ಯಾಂಡೇಜ್, ನೋವಿನ ಮಾತ್ರೆ, ಓಆರ್‌ಎಸ್. ಎತ್ತರದ ಕಾಯಿಲೆಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಅದಿದೆ ಅಂತ ಲೇಹ್‌ನಲ್ಲಿ ಎರಡು ಮೂರು ದಿನ ಸುಧಾರಿಸಿಕೊಳ್ಳುವುದನ್ನು ತಪ್ಪಿಸಬೇಡಿ. ಕಣಿವೆಯಲ್ಲಿ ಎಟಿಎಂ ಇಲ್ಲ, ನಗದು ಬೇಕು. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಆದರೂ ಕಣಿವೆಯೊಳಗೆ ಸಿಗ್ನಲ್ ನಂಬಿ ಹೋಗಬೇಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಆಫ್‌ಲೈನ್ ನಕ್ಷೆ ಬಳಸಿದರೆ 200 ಗ್ರಾಂ ಆಸುಪಾಸಿನ, 10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದೇ ಸಾಕು.

ಹೆಜ್ಜೆ 8: ಈಗ ಬ್ಯಾಗ್

ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಅದನ್ನೇ ಹೊತ್ತುಕೊಂಡು ಅಂಗಡಿಗೆ ಹೋಗಿ. ಯಾರಾದರೂ ನಕ್ಕರೆ ನಗಲಿ. ಹೋಮ್‌ಸ್ಟೇ ಚಾರಣಕ್ಕೆ 35–40 ಲೀಟರ್ ಧಾರಾಳ. ಖಾಲಿ ಬ್ಯಾಗೇ ಎರಡು ಕೆ.ಜಿ. ಇದ್ದರೆ ವಾಪಸ್ ಇಡಿ, ಒಂದು ಕೆ.ಜಿ. ಆಸುಪಾಸಿನದು ಹುಡುಕಿ. ಸಾಮಾನು ತುಂಬಿ, ಸೊಂಟದ ಪಟ್ಟಿಯನ್ನು ಸೊಂಟದ ಎಲುಬಿನ ಮೇಲೆ ಬಿಗಿದು, ಅಂಗಡಿಯೊಳಗೇ ಒಂದಷ್ಟು ಹೊತ್ತು ಓಡಾಡಿ. ಭಾರದ ಹೆಚ್ಚಿನ ಪಾಲು ಸೊಂಟಕ್ಕೆ ಬರಬೇಕು. ಹೆಗಲು ಜಗ್ಗಿದರೆ ಅದು ನಿಮ್ಮ ಬೆನ್ನಿನ ಉದ್ದದ ಬ್ಯಾಗ್ ಅಲ್ಲ.

ದುಡ್ಡು ಜಾಸ್ತಿ ಸುರಿದಷ್ಟೂ ಹಗುರ ಅನ್ನುವ ಮಾತು ಪೂರ್ತಿ ನಿಜವಲ್ಲ. ಅಮೆರಿಕದ ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, 3,200 ಕಿ.ಮೀ.ಗೂ ಉದ್ದದ ಅಪಲಾಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಮನೆಯಲ್ಲೇ ಹೊಲಿದ ಡೆನಿಮ್ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಶೂ. ಅಷ್ಟೇ.

ಹೊರಡುವ ಮುನ್ನ ಒಂದು ವಾರಾಂತ್ಯ ಅದೇ ಬ್ಯಾಗ್, ಅದೇ ಶೂ ಹಾಕಿಕೊಂಡು ಸ್ಕಂದಗಿರಿಯನ್ನೋ ಸಾವನದುರ್ಗವನ್ನೋ ಹತ್ತಿ ಬನ್ನಿ. ಎಲ್ಲಿ ಉಜ್ಜುತ್ತದೆ, ಯಾವುದು ಬ್ಯಾಗಿನಿಂದ ಹೊರಗೇ ಬರಲಿಲ್ಲ, ಎಲ್ಲ ಗೊತ್ತಾಗುತ್ತದೆ. ವಿಮಾನದ ನಿಯಮಗಳನ್ನೂ ನೆನಪಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ವಾಕಿಂಗ್ ಪೋಲ್ ಚೆಕ್-ಇನ್ ಬ್ಯಾಗಿಗೆ ಹೋಗಬೇಕು. ಗ್ಯಾಸ್ ಕ್ಯಾನಿಸ್ಟರ್ ಎರಡರಲ್ಲೂ ಒಯ್ಯುವಂತಿಲ್ಲ, ಲೇಹ್ ಪೇಟೆಯಲ್ಲೇ ಕೊಂಡುಕೊಳ್ಳಿ. ಊರಿಗೆ ಮರಳುವಾಗ ಹಾಕಿಕೊಳ್ಳುವ ಬಟ್ಟೆ, ಲ್ಯಾಪ್‌ಟಾಪ್, ಮನೆಯವರಿಗೆ ಕೊಂಡ ಏಪ್ರಿಕಾಟ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಲೇಹ್‌ನ ಗೆಸ್ಟ್‌ಹೌಸಿನಲ್ಲಿ ಬಿಡಿ. ಚಾರಣಕ್ಕೆ ಹೋಗುವವರ ಸಾಮಾನು ಇಟ್ಟುಕೊಳ್ಳುವುದು ಅಲ್ಲಿಯವರಿಗೆ ಮಾಮೂಲಿ. ಚೀಲಕ್ಕೆ ಹೆಸರು, ವಾಪಸ್ ಬರುವ ತಾರೀಕು ಬರೆದ ಚೀಟಿ ಅಂಟಿಸಿ ಕೊಡಿ.