ಬಾಗಿಲು ತೆರೆಯದ ಕಸ್ಟಮರ್‌ಗೆ 150 ರೂಪಾಯಿ ಮದ್ದು

"ಅಡ್ವಾನ್ಸ್ ಕೇಳಿದರೆ ಬೆಂಗಳೂರಲ್ಲಿ ಒಬ್ಬ ಕಸ್ಟಮರೂ ಉಳಿಯಲ್ಲ" ಅಂತ ಸ್ಪೇರ್ ಪಾರ್ಟ್ ಸಿಗೋ ಎಸ್.ಪಿ. ರೋಡಿನ ಟೀ ಅಂಗಡಿ ಮುಂದೆ ಮೂರ್ನಾಲ್ಕು ಜನ ನನ್ನನ್ನು ನೋಡಿ ನಕ್ಕಿದ್ದರು. ಎಲ್ಲರೂ ನನ್ನ ಹಾಗೆ ವಾಷಿಂಗ್ ಮಷೀನ್ ರಿಪೇರಿ ಕೆಲಸದವರೇ. ಈಗ ಅವರಲ್ಲಿ ಇಬ್ಬರು ಫೋನ್ ಮಾಡಿ, "ಅಣ್ಣ, ಕಸ್ಟಮರ್‌ಗೆ ಏನಂತ ಮೆಸೇಜ್ ಹಾಕ್ತೀಯ, ನನಗೂ ಕಳಿಸು" ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿ ಬಿಟ್ಟು ಸ್ವಂತಕ್ಕೆ ಶುರು ಮಾಡಿ ಆರು ವರ್ಷ ಆಯಿತು. ಮನೆ ವಿಜಯನಗರ. ಮೊದಲೆಲ್ಲ ವಾರಕ್ಕೆ 30 ಕಾಲ್ ಇದ್ದರೆ ಐದಾರು ಮನೆಗೆ ಬೀಗ. ನಿಮಗೂ ಅಷ್ಟೇ ಅಲ್ವಾ?

ತಲೆ ಕೆಟ್ಟಿದ್ದು ವೈಟ್‌ಫೀಲ್ಡಿನ ಒಂದು ಭಾನುವಾರ. ಫ್ರಂಟ್ ಲೋಡ್ ಮಷೀನು, ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿತ್ತು. ಅದೇ ಮಾಡೆಲ್‌ದು ಹುಡುಕಿ ಮೂರು ಸಾವಿರದ ಚಿಲ್ಲರೆ ಕೊಟ್ಟು ತಂದಿದ್ದೆ. ಹೋಗಿ ಬರೋದು 50 ಕಿಲೋಮೀಟರ್ ಮೇಲೆ. ಗೇಟಲ್ಲಿ ಸೆಕ್ಯುರಿಟಿ ಇಂಟರ್‌ಕಾಮ್ ಒತ್ತಿದರೆ ಉತ್ತರ ಇಲ್ಲ. ಫೋನ್ ರಿಂಗ್ ಆಗುತ್ತೆ, ಎತ್ತಲ್ಲ. ಮುಕ್ಕಾಲು ಗಂಟೆ ಸ್ಕೂಟರ್ ಮೇಲೆ ಕೂತಿದ್ದೆ. ಕೊನೆಗೆ ಸುಮ್ನೆ ವಾಟ್ಸ್ಆ್ಯಪ್ ತೆಗೆದರೆ ಯಜಮಾನರ ಸ್ಟೇಟಸ್ಸಲ್ಲಿ ನಂದಿಬೆಟ್ಟದ ಮಂಜಿನ ಫೋಟೊ! ಆಮೇಲೆ ಅವರು ಫೋನೇ ಎತ್ತಲಿಲ್ಲ. ಬೋರ್ಡ್ ವಾಪಸ್ ತಗೊಳ್ಳಲ್ಲ ಅಂದ ಅಂಗಡಿಯವನು.

ಮೊದಲು ಹಿಂದಿನ ರಾತ್ರಿ ಫೋನ್ ಮಾಡಿ ನೆನಪಿಸಿದೆ. ಎಲ್ಲರೂ "ಬನ್ನಿ ಬನ್ನಿ" ಅಂತಾರೆ. ಆ ಬನ್ನಿಗೆ ಬೆಲೆ ಇಲ್ಲ. ಆಮೇಲೆ ಒಂದೇ ಟೈಮಿಗೆ ಇಬ್ಬರನ್ನು ಹಾಕಿಕೊಂಡೆ, ಒಬ್ಬರಾದರೂ ಇರ್ತಾರೆ ಅಂತ. ಮೊದಲ ದಿನವೇ ಇಬ್ಬರೂ ಮನೇಲಿದ್ದರು. ಇಬ್ಬರ ಹತ್ರಾನೂ ಬೈಸಿಕೊಂಡೆ. ಮೂರನೇದು 500 ರೂಪಾಯಿ ಅಡ್ವಾನ್ಸ್. ಎರಡು ವಾರದಲ್ಲಿ ಹೊಸಬರು ಹನ್ನೆರಡು ಜನ ಕೇಳಿದ್ದರು, ಕೊಟ್ಟವರು ಇಬ್ಬರು. ಟೀ ಅಂಗಡಿಯವರು ನಕ್ಕಿದ್ದು ಆಗಲೇ.

300ಕ್ಕೆ ಇಳಿಸಿದೆ, 200 ಮಾಡಿದೆ, 150ಕ್ಕೆ ಬಂದು ನಿಂತೆ. 100 ಕೇಳಿದರೆ ಹೋದರೆ ಹೋಗಲಿ ಅಂತಾರೆ, ಅದನ್ನೂ ನೋಡಿದ್ದೇನೆ. 150 ಬಿಲ್ಲಿನಲ್ಲಿ ಕಳೆಯುತ್ತೇನೆ. ಹಿಂದಿನ ರಾತ್ರಿ ಒಂಬತ್ತರೊಳಗೆ ಬೇಡ ಅಂದರೆ ಇನ್ನೊಂದು ದಿನಕ್ಕೆ ಅದೇ ದುಡ್ಡು. ಹೇಳದೆ ಬೀಗ ಹಾಕಿದರೆ ನನ್ನ ಪೆಟ್ರೋಲಿಗೆ. ನಾನೇ ತಪ್ಪಿಸಿದರೆ ಅವರ 150ರ ಜೊತೆ ನನ್ನದು 150 ಸೇರಿಸಿ ವಾಪಸ್. ಈ ಕೊನೆಯ ಮಾತು ಬರೆದ ಮೇಲೆಯೇ ಜನ ಧೈರ್ಯವಾಗಿ ಗೂಗಲ್ ಪೇ ಮಾಡಿದ್ದು. ನಾನೂ ಎರಡು ಸಲ ಕೊಟ್ಟಿದ್ದೇನೆ. ಒಂದು ಸಲ ಮಳೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಹತ್ತಿರ ಸಿಕ್ಕಿಹಾಕಿಕೊಂಡು, ಇನ್ನೊಂದು ಸಲ ಪೂರ್ತಿ ಮರೆತು.

ಆದರೆ ನಿಜವಾದ ಕೆಲಸ ಮಾಡಿದ್ದು ದುಡ್ಡಲ್ಲ, ಫೋಟೊ. ಬುಕ್ ಮಾಡಿದ ತಕ್ಷಣ "ಮಾಡೆಲ್ ನಂಬರಿನ ಸ್ಟಿಕ್ಕರ್ ಫೋಟೊ ಕಳಿಸಿ" ಅಂತೀನಿ. ಫ್ರಂಟ್ ಲೋಡ್ ಆದರೆ ಬಾಗಿಲು ತೆಗೆದು ಬಗ್ಗಿ ನೋಡಬೇಕು, ಟಾಪ್ ಲೋಡ್ ಆದರೆ ಹಿಂದೆ ಕೈ ತೂರಿಸಿ ತೆಗೆಯಬೇಕು. ಅಷ್ಟು ಕಷ್ಟಪಟ್ಟವರು ಬಾಗಿಲು ತೆರೆದೇ ತೆರೆಯುತ್ತಾರೆ. ಫೋಟೊ ಕಳಿಸದವರ ಮನೆಗೆ ದುಡ್ಡು ಬಂದಿದ್ದರೂ ಇನ್ನೊಮ್ಮೆ ಕೇಳದೆ ಹೊರಡಲ್ಲ. ರಾತ್ರಿ "ನಾಳೆ ಇರ್ತೀರಾ" ಅಂತ ಕೇಳೋದನ್ನೂ ಬಿಟ್ಟೆ. "ಗೇಟಲ್ಲಿ ಯಾರ ಹೆಸರು ಹೇಳಲಿ?" ಅಂತ ಕೇಳ್ತೀನಿ. ಆಗ ಮನೆಯವರೆಲ್ಲ ಸೇರಿ ನಾಳೆ ಯಾರು ಇರ್ತಾರೆ ಅಂತ ಯೋಚನೆ ಮಾಡ್ತಾರೆ.

ಬೀಗ ಇಲ್ಲದಿದ್ದರೂ ಟ್ರಿಪ್ ಹಾಳಾಗುತ್ತೆ. ಮನೇಲಿ ಜನ ಇರ್ತಾರೆ, ನಲ್ಲೀಲಿ ನೀರಿರಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಇದು ಜಾಸ್ತಿಯಾಯಿತು. ರಿಪೇರಿ ಮುಗಿಸಿ, ಟೆಸ್ಟ್ ಮಾಡಲಾಗದೆ ಎಷ್ಟೋ ಮನೆಯಿಂದ ಸುಮ್ನೆ ಎದ್ದು ಬಂದಿದ್ದೇನೆ. ಈಗ ಎರಡು ಬಕೆಟ್ ನೀರು ಹಿಡಿದಿಡಿ, ಒದ್ದೆ ಬಟ್ಟೆ ತೆಗೆದಿಡಿ ಅಂತ ಮೆಸೇಜಲ್ಲೇ ಇದೆ. ಬಾಡಿಗೆ ಮನೆಯಾದರೆ ದುಡ್ಡು ಕೊಡೋದು ಓನರ್ರಾ ನೀವಾ ಅಂತಲೂ ಮೊದಲೇ ಕೇಳಿ. ಕೇಳದೆ ಹೋಗಿ ಜಗಳದ ಮಧ್ಯೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೂ ಉಂಟು.

ನಡುವೆ ರಾಹುಕಾಲದ ಪ್ರಯೋಗವೂ ಮಾಡಿದೆ. ನಗಬೇಡಿ. ಹೊಸ ಮಷೀನು ಫಿಟ್ ಮಾಡೋಕೆ ಶುಕ್ರವಾರ ಹತ್ತೂವರೆಗೆ ಒಪ್ಪಿಕೊಂಡವರೇ ಬೆಳಿಗ್ಗೆ ಫೋನ್ ಮಾಡಿ "ಹನ್ನೆರಡರ ಮೇಲೆ ಬನ್ನಿ" ಅನ್ನುತ್ತಿದ್ದರು. ಈಗ ಶುಕ್ರವಾರ ಆ ಒಂದೂವರೆ ಗಂಟೆ ಎಸ್.ಪಿ. ರೋಡಿಗೆ, ಸ್ಪೇರ್ ತರೋಕೆ. ರಿಪೇರಿಗೆ ಮಾತ್ರ ಯಾರೂ ರಾಹುಕಾಲ ನೋಡಲ್ಲ.

ಎರಡು ಸಲ ಕೈಕೊಟ್ಟವರು ಮೂರನೇ ಸಲ ಫೋನ್ ಮಾಡಿದರೆ ಒಂದು ವಾಯ್ಸ್ ಮೆಸೇಜ್ ಕಳಿಸ್ತೀನಿ. ಅದರಲ್ಲಿ ಏನಿದೆ ಅಂತ ಹೇಳಲ್ಲ, ನನ್ನ ಹೊಟ್ಟೆಪಾಡು. ರಾಜಾಜಿನಗರದ ಅಜ್ಜಿಯಂಥ ಹಳೆ ಗಿರಾಕಿಗಳಿಗೆ ಅಡ್ವಾನ್ಸೂ ಇಲ್ಲ, ಫೋಟೊವೂ ಇಲ್ಲ. ಆ ಅಜ್ಜಿ ಎಲ್ಲಿಗೆ ಹೋಗ್ತಾರೆ? ಹೋದ ತಕ್ಷಣ ಕಾಫಿ ಬೇರೆ.

ಈಗ ಹದಿನೈದು ದಿನಕ್ಕೆ ಒಂದು ಬೀಗ ಸಿಕ್ಕರೆ ಹೆಚ್ಚು. ತಿಂಗಳಿಗೆ ಏನಿಲ್ಲ ಅಂದರೂ ಏಳೆಂಟು ಸಾವಿರ ಉಳಿಯುತ್ತಿದೆ. ಹೊಸ ಕಸ್ಟಮರು ನಾಲ್ಕರಲ್ಲಿ ಒಬ್ಬರು ಅಡ್ವಾನ್ಸ್ ಅಂದ ಕೂಡಲೇ ಹೋಗ್ತಾರೆ, ಹೋಗಲಿ.

ವೈಟ್‌ಫೀಲ್ಡಿನ ಆ ಬೋರ್ಡ್ ಇನ್ನೂ ಅಟ್ಟದ ಮೇಲಿದೆ, ಕವರ್ ಕೂಡ ಒಡೆದಿಲ್ಲ. ಯಾರಿಗಾದರೂ ಬೇಕಿದ್ದರೆ ಹೇಳಿ, ಕೊಂಡ ರೇಟಿಗೇ ಕೊಡ್ತೀನಿ.